ಟ್ರೈನಿಂಗಿಗೆ ಬಂದ ಚನಿಯಪ್ಪ

ಮಂಗಳೂರಿಗೆ ರೈಲು ಬಂದು ಹೆಚ್ಚು ಕಾಲವಾಗಿರಲಿಲ್ಲ. ಅತ್ತಾವರದ ಕೋಳಿಗಳು ಅದರ ಕೂಗಿಗೆ ಹೊಂದಿಕೊಂಡಿದ್ದವು. ಮನುಷ್ಯರು ಇನ್ನೂ ಹೊಂದಿಕೊಂಡಿರಲಿಲ್ಲ. ಇಂಜಿನು ಕೂಗಿದಾಗಲೆಲ್ಲ ಹೆಂಗಸರು ಒಲೆಯ ಮುಂದಿನಿಂದ ಎದ್ದು ಅಂಗಳಕ್ಕೆ ಬಂದು, ತೆಂಗಿನ ಮರಗಳ ಆಚೆ ಕಾಣಿಸದ ಟ್ರೈನನ್ನು ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದರು. ಇಂಥ ಕಾಲದಲ್ಲಿ ಕಿನ್ನಿಗೋಳಿ ಕಡೆಯ ಚನಿಯಪ್ಪ ಎಂಬ ತರುಣ ಮಾಸ್ಟ್ರಿಕೆ ಕಲಿಯಲು ಪೇಟೆಗೆ ಬಂದ.

ಬಂದ ಎನ್ನುವುದಕ್ಕಿಂತ ಅವನ ಮಾವ ತುಕ್ರ ಪೂಜಾರಿ ಅವನನ್ನು ಅಟ್ಟಿದರು ಎಂದರೆ ಸರಿಯಾದೀತು. ಗದ್ದೆಗೆ ಕಳುಹಿಸಿದರೆ ಕೋಣಗಳೇ ಚನಿಯಪ್ಪನನ್ನು ಉಳುತ್ತಿದ್ದವು. ಅಂಗಡಿಯಲ್ಲಿ ಕೂರಿಸಿದರೆ ಗಿರಾಕಿಗಳು ಅವನಿಗೆ ತೊಂದರೆ ಕೊಡಬಾರದೆಂದು ತಾವೇ ತೂಗಿಕೊಂಡು ಹೋಗುತ್ತಿದ್ದರು.

"ಇನ್ನು ಉಳಿದದ್ದು ಮಾಸ್ಟ್ರ ಕೆಲಸ ಒಂದೇ," ಎಂದರು ಮಾವ. "ಎಂತದಕ್ಕೂ ಆಗದವರಿಗೆ ಅಂತ ಸರಕಾರದವರು ಅದನ್ನು ಇಟ್ಟದ್ದು."

ಈ ವಿಷಯದಲ್ಲಿ ಚನಿಯಪ್ಪನಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅವನು ಹತ್ತಿರದಿಂದ ಕಂಡದ್ದು ತನ್ನ ಊರಿನ ಮಾಸ್ಟ್ರನ್ನು ಮಾತ್ರ. ಅವರು ಬೆಳಿಗ್ಗೆ ಮಕ್ಕಳಿಗೆ ಹೊಡೆದು, ಮಧ್ಯಾಹ್ನ ನಿದ್ದೆ ಮಾಡಿ, ಸಂಜೆ ಅದೇ ಮಕ್ಕಳಿಂದ ತಮ್ಮ ಬಸಳೆ ಚಪ್ಪರಕ್ಕೆ ನೀರು ಹೊಯ್ಯಿಸುತ್ತಿದ್ದರು. ಮಾಸ್ಟ್ರಿಕೆ ಎಂದರೆ ಹೊಡೆತ, ನಿದ್ದೆ, ಬಸಳೆ ಎಂಬ ದೃಢವಾದ ನಂಬಿಕೆಯೊಂದಿಗೆ ಅವನು ಅತ್ತಾವರದ ದೇಯಿಯಕ್ಕನ ಮನೆಯ ಬದಿಕೋಣೆಯಲ್ಲಿ ಬಂದು ಇಳಿದ.

ದೇಯಿಯಕ್ಕ ಅವಲಕ್ಕಿ ಕುಟ್ಟಿ ಮಾರುವ ವಿಧವೆ. ಗಟ್ಟಿ ತೋಳು, ಗಟ್ಟಿ ಗಂಟಲು, ಮೆದು ಮನಸ್ಸು. ಮೊದಲ ದಿನ ಊಟಕ್ಕೆ ಬಡಿಸುತ್ತ ಕೇಳಿದಳು:

"ಎಂತ ಕೆಲಸಕ್ಕೆ ಮಗಾ ಪೇಟೆಗೆ ಬಂದದ್ದು?"

ಮಾಸ್ಟ್ರಿಕೆಗೆ ಎನ್ನಲು ಚನಿಯಪ್ಪನಿಗೆ ನಾಚಿಕೆಯಾಯಿತು. ಒಂದು ಇಂಗ್ಲಿಷ್ ಶಬ್ದದ ಮರೆಯಲ್ಲಿ ನಿಂತರೆ ಸ್ವಲ್ಪ ಮರ್ಯಾದೆ ಸಿಕ್ಕೀತೆಂದು, "ಟ್ರೈನಿಂಗಿಗೆ," ಎಂದ.

ಅದೇ ಗಳಿಗೆಗೆ ಸ್ಟೇಶನಿನ ಕಡೆಯಿಂದ ಇಂಜಿನು ಕೂಗಿತು. ದೇಯಿಯಕ್ಕನ ಸೌಟು ಗಾಳಿಯಲ್ಲೇ ನಿಂತಿತು.

"ಟ್ರೈನಿಗಾ? ಈ ಟ್ರೈನಿಗಾ?"

"ಟ್ರೈನಿಂಗಿಗೆ, ದೇಯಿಯಕ್ಕ..."

"ಅದೇ ಮಾರಾಯ! ಟ್ರೈನು ಬಿಡ್ಲಿಕ್ಕೆ ಕಲಿಯುವುದು!" ಎಂದವಳೇ ತನಗೆಂದು ತೆಗೆದಿಟ್ಟಿದ್ದ ಬಂಗುಡೆಯ ನಡುತುಂಡನ್ನು ಅವನ ಬಟ್ಟಲಿಗೆ ಹಾಕಿದಳು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಚನಿಯಪ್ಪ ಸುಳ್ಳು ಹೇಳಲಿಲ್ಲ. ಅಲ್ಲ ಎನ್ನಲು ಅವನು ಬಾಯಿ ತೆರೆದದ್ದು ನಿಜ. ತೆರೆದ ಬಾಯಿಗೆ ಬಂಗುಡೆ ಹೋಯಿತು. ಮುಳ್ಳು ತೆಗೆದು ನುಂಗಿ ಮುಗಿಸುವಷ್ಟರಲ್ಲಿ ದೇಯಿಯಕ್ಕ ಬೇಲಿಯ ಬಳಿ ನಿಂತು ನೆರೆಮನೆಯ ಮಟಿಲ್ಡಾ ಬಾಯಮ್ಮನಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಮಟಿಲ್ಡಾ ಬಾಯಮ್ಮನಿಗೆ ಮುಟ್ಟಿದ್ದು ಇಗರ್ಜಿಯ ಗಂಟೆಗೆ ಮುಟ್ಟಿದ ಹಾಗೆ. ಮರುದಿನ ಬೆಳಿಗ್ಗೆ ಚನಿಯಪ್ಪ ಬೀದಿಗೆ ಇಳಿದಾಗ, ಮುದುಕರು ಬದಿಗೆ ಸರಿದು ಅವನಿಗೆ ದಾರಿ ಬಿಟ್ಟರು. ಹುಟ್ಟಿದಂದಿನಿಂದ ಅವನಿಗೆ ಯಾರೂ ದಾರಿ ಬಿಟ್ಟಿರಲಿಲ್ಲ. ಕೋಣಗಳೂ ಬಿಟ್ಟಿರಲಿಲ್ಲ. ಅವನು ಏನೂ ಹೇಳದೆ ಆ ದಾರಿಯಲ್ಲಿ ನಡೆದುಕೊಂಡು ಹೋದ.

ಹೋದದ್ದು ಟ್ರೈನಿಂಗ್ ಶಾಲೆಗೆ. ಅಲ್ಲಿಯ ಮುಖ್ಯಸ್ಥರು ನೂರಿತ್ತಾಯ ಮಾಸ್ಟ್ರು. ಕಡ್ಡಿಯಂಥ ದೇಹ, ಅದರ ಮೇಲೆ ದೊಡ್ಡ ಮುಂಡಾಸು. ಮೊದಲ ದಿನವೇ ಅವರು ಕಲಿಯಲು ಬಂದವರನ್ನೆಲ್ಲ ಸಾಲಾಗಿ ಕೂರಿಸಿ, "ಮಾಸ್ಟ್ರನ ಮೊದಲ ಆಯುಧ ಬೆತ್ತ ಎಂದು ನಂಬುವವರು ಕೈ ಎತ್ತಿ," ಎಂದರು.

ಎಲ್ಲ ಕೈಗಳೂ ಎದ್ದವು. ಎತ್ತದವನು ಬೆಂದೂರಿನ ಎಡ್ವಿನ್ ಒಬ್ಬನೇ. ನೂರಿತ್ತಾಯರು ಸಂತೋಷದಿಂದ ಅವನ ಹತ್ತಿರ ಹೋಗಿ ನೋಡಿದರು. ಅವನು ನಿದ್ದೆ ಮಾಡುತ್ತಿದ್ದ.

"ಇಲ್ಲಿಂದ ಹೊರಗೆ ಹೋಗುವ ದಿನ ಒಂದು ಕೈಯೂ ಏಳಬಾರದು," ಎಂದರು ನೂರಿತ್ತಾಯರು. "ಮಗುವಿಗೆ ಗೊತ್ತಿದ್ದದ್ದರಿಂದ ಸುರು ಮಾಡಿ, ಗೊತ್ತಿಲ್ಲದ್ದಕ್ಕೆ ಕೈಹಿಡಿದು ಕರಕೊಂಡು ಹೋಗಬೇಕು. ಅದು ಪಾಠ. ಉಳಿದದ್ದು ದೊಂಬಿ."

ಹೊರಗೆ ಬಂದ ಮೇಲೆ ಎಡ್ವಿನ್ ತಲೆ ಕೆರೆದುಕೊಂಡ. "ಹೊಡೆಯದಿದ್ದರೆ ಮಾಸ್ಟ್ರು ಬಂದದ್ದು ಮಕ್ಕಳಿಗೆ ಗೊತ್ತಾಗುವುದು ಹೇಗೆ ಮಾರಾಯ?"

ಚನಿಯಪ್ಪನಿಗೂ ಅದೇ ಸಂಶಯ. ಆದರೆ ಅವನ ತಲೆಯಲ್ಲಿ ಅದಕ್ಕಿಂತ ದೊಡ್ಡ ಚಿಂತೆ ಸೇರಿತ್ತು. ಸಂಜೆ ಮನೆಗೆ ಬಂದಾಗ ಅವನ ಕೈಯೆಲ್ಲ ಸೀಮೆಸುಣ್ಣ. ಜಗಲಿಯಲ್ಲಿ ಬಂದರಿನ ಒಣಮೀನು ವ್ಯಾಪಾರಿ ಉಮರಬ್ಬ ಬ್ಯಾರಿ ಅವಲಕ್ಕಿ ಕೊಳ್ಳಲು ಬಂದು ಕುಳಿತಿದ್ದರು.

"ಇಂಜಿನಿನಲ್ಲಿ ಕೆಲಸ ಮಾಡುವವನ ಕೈ ಕಪ್ಪಾಗಬೇಕಲ್ಲ?" ಎಂದಳು ದೇಯಿಯಕ್ಕ. "ಇವನದ್ದು ಬಿಳಿ ಉಂಟು!"

ಚನಿಯಪ್ಪ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ. ಆದರೆ ಉಮರಬ್ಬ ಲೋಕ ಕಂಡವರು. ಕಣ್ಣೂರಿನ ತನಕ ಟ್ರೈನಿನಲ್ಲಿ ಹೋಗಿ ಬಂದವರು.

"ನಿಮಗೆ ಗೊತ್ತಿಲ್ಲ ದೇಯಿಯಕ್ಕ," ಎಂದರು ಗಡ್ಡ ನೀವಿಕೊಂಡು. "ಹೊಸಬರ ಕೈಗೆ ಒಮ್ಮೆಲೇ ಕಲ್ಲಿದ್ದಲು ಕೊಡುವುದಿಲ್ಲ. ಮೊದಲು ಹಬೆಯಲ್ಲಿ ಕಲಿಸ್ತಾರೆ. ಹಬೆ ಬಿಳಿಯಲ್ಲವಾ?"

ದೇಯಿಯಕ್ಕ ಒಪ್ಪಿದಳು. ಚನಿಯಪ್ಪನಿಗೇ ಒಂದು ಗಳಿಗೆ ಹೌದೇನೋ ಅನ್ನಿಸಿತು.

ಮುಂದೆ ಪಾಠ ಹೇಳುವ ಅಭ್ಯಾಸ ಸುರುವಾಯಿತು. ಹಿತ್ತಿಲಿನ ತೆಂಗಿನ ಸಸಿಗಳನ್ನೇ ಮಕ್ಕಳೆಂದು ಭಾವಿಸಿ ಚನಿಯಪ್ಪ ಪ್ರತಿದಿನ ಸಂಜೆ ಗಟ್ಟಿಯಾಗಿ ಕೂಗುವನು: "ಸಾಲಾಗಿ ನಿಲ್ಲಿ! ದೂಡಬೇಡಿ! ಒಬ್ಬೊಬ್ಬರಾಗಿ ಒಳಗೆ ಬನ್ನಿ! ಎಲ್ಲರೂ ಕುಳಿತುಕೊಳ್ಳಿ! ಕಿಟಕಿಯಿಂದ ತಲೆ ಹೊರಗೆ ಹಾಕಬಾರದು!"

ಬೇಲಿಯಾಚೆ ನಿಂತು ಕೇಳುತ್ತಿದ್ದ ಮಟಿಲ್ಡಾ ಬಾಯಮ್ಮ ಶಿಲುಬೆಯ ಗುರುತು ಮಾಡಿಕೊಂಡಳು. "ದೆವಾ! ಜನರ ಜೀವದ ಮೇಲೆ ಎಷ್ಟು ಕಾಳಜಿ ನೋಡಿ! ತಲೆ ಹೊರಗೆ ಹಾಕಬಾರದು ಅಂತ ಈಗಲೇ ಹೇಳಿ ಅಭ್ಯಾಸ ಮಾಡ್ತಾರೆ!"

ಆ ಧೈರ್ಯದಿಂದ ಅವಳು ಒಂದು ಅಹವಾಲು ತಂದಳು. ಅವಳ ಆಡು ಇಂಜಿನಿನ ಕೂಗು ಕೇಳಿದರೆ ಬೆದರಿ ಹಾಲು ಏರಿಸಿಕೊಳ್ಳುತ್ತಿತ್ತು. "ಅತ್ತಾವರ ದಾಟುವಾಗ ಸ್ವಲ್ಪ ಮೆಲ್ಲ ಕೂಗಿಸ್ಲಿಕ್ಕೆ ಆಗ್ತದಾ ಬಾಬಾ?"

"ನೋಡುವಾ," ಎಂದ ಚನಿಯಪ್ಪ.

ಮಂಗಳೂರಿನಲ್ಲಿ ನೋಡುವಾ ಎಂದರೆ ಆಗುವುದಿಲ್ಲ ಎಂದರ್ಥ. ಹೇಳುವವರಿಗೆಲ್ಲ ಇದು ಗೊತ್ತು, ಕೇಳುವವರಿಗೆ ಗೊತ್ತಿಲ್ಲ. ಮರುದಿನ ಇಂಜಿನಿನ ಸೀಟಿಗೆ ಏನೋ ಕೆಟ್ಟು, ಅದು ಅತ್ತಾವರ ದಾಟುವಾಗ ಶೀತ ಹಿಡಿದ ಮುದುಕನ ಹಾಗೆ ಒಮ್ಮೆ ಕುಯ್ಯೆಂದು ಸುಮ್ಮನಾಯಿತು. ಆಡು ತಂಬಿಗೆ ತುಂಬ ಹಾಲು ಕೊಟ್ಟಿತು. ಮಟಿಲ್ಡಾ ಬಾಯಮ್ಮ ಆ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಚನಿಯಪ್ಪನ ಮುಂದೆ ಇಟ್ಟಳು. ಅಂದಿನಿಂದ ಅತ್ತಾವರದಲ್ಲಿ ಅವನ ಮಾತಿಗೆ ಎದುರು ಮಾತಿರಲಿಲ್ಲ. ನಿಜ ಹೇಳಿದ್ದರೂ ಯಾರೂ ನಂಬುತ್ತಿರಲಿಲ್ಲ ಎಂದು ಅವನು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡು ಹಾಲು ಕುಡಿದ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ಕೇಡಿರಲಿಲ್ಲ. ಆದರೆ ದೇಯಿಯಕ್ಕನಿಗೆ ಕಾವೂರಿನಲ್ಲಿ ಒಬ್ಬ ಅಣ್ಣನಿದ್ದ, ಆ ಅಣ್ಣನಿಗೆ ಒಬ್ಬಳು ಮಗಳಿದ್ದಳು.

ಅಣ್ಣ ಕಾಂತಪ್ಪ ಪೂಜಾರಿ ಕೆರೆಯ ಬದಿಯ ಗದ್ದೆಗಳ ಬೇಸಾಯಗಾರ. ಒಳ್ಳೆಯ ಮನುಷ್ಯ, ಜಗತ್ತಿನಲ್ಲಿ ಅವರು ದ್ವೇಷಿಸುತ್ತಿದ್ದದ್ದು ಮಾಸ್ಟ್ರುಗಳನ್ನು ಮಾತ್ರ. ಚಿಕ್ಕಂದಿನಲ್ಲಿ ಊರಿನ ಐಗಳು ಅಕ್ಷರ ಕಲಿಸುವಾಗ ಅವರ ಬಲಗಿವಿಯನ್ನು ಎಷ್ಟು ಚೆನ್ನಾಗಿ ಹಿಂಡಿದ್ದರೆಂದರೆ, ಅದು ಮತ್ತೆ ತಲೆಗೆ ತಾಗಿಕೊಳ್ಳಲೇ ಇಲ್ಲ. ಬಾಗಿಲು ತೆರೆದ ಹಾಗೆ ಹೊರಗೆ ನಿಂತುಬಿಟ್ಟಿತ್ತು. "ಮಗಳನ್ನು ಕೆರೆಗೆ ಬೇಕಾದರೂ ಕೊಟ್ಟೇನು, ಮಾಸ್ಟ್ರಿಗೆ ಕೊಡುವುದಿಲ್ಲ," ಎಂದು ಅವರು ಸಮಯ ಸಂದರ್ಭವಿಲ್ಲದೆ ಹೇಳುತ್ತಿದ್ದರು.

ಮಗಳು ಕುಶಲಾ. ಅವಲಕ್ಕಿ ಕುಟ್ಟುವುದನ್ನು ಕಲಿಯುತ್ತಾಳೆಂದು ಅಪ್ಪನಿಗೆ ಹೇಳಿ, ಕೆಲವು ವರ್ಷ ಅತ್ತೆಯ ಮನೆಯಲ್ಲಿದ್ದು ಮಿಶನಿನವರ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದವಳು. ಅವಲಕ್ಕಿ ಅಷ್ಟು ವರ್ಷ ಕಲಿಯುವ ವಿದ್ಯೆಯಲ್ಲ ಎಂದು ಕಾಂತಪ್ಪ ಪೂಜಾರಿಗೆ ಹೊಳೆದಿರಲಿಲ್ಲ. ಒಂದು ಸಂಜೆ ಅವಳು ಅತ್ತೆಗೆ ಭತ್ತ ಕೊಡಲು ಬಂದವಳು, ಹಿತ್ತಿಲಿನಿಂದ ಬರುತ್ತಿದ್ದ ಕೂಗು ಕೇಳಿ ಬಾವಿಯ ಕಟ್ಟೆಯ ಮೇಲೆ ಕುಳಿತಳು. ಚನಿಯಪ್ಪ ಸಸಿಗಳಿಗೆ ಹಸುವಿನ ಉಪಯೋಗಗಳನ್ನು ವಿವರಿಸುತ್ತಿದ್ದ.

"ಟ್ರೈನು ಬಿಡುವವರಿಗೆ ಹಸು ಎಂತಕ್ಕೆ?" ಎಂದಳು ಕುಶಲಾ.

ಚನಿಯಪ್ಪ ತಿರುಗಿ ನೋಡಿ, ಹಸುವನ್ನೂ ಟ್ರೈನನ್ನೂ ಒಟ್ಟಿಗೆ ಮರೆತ. "ಹಳಿಯ ಮೇಲೆ ಹಸು ಬಂದರೆ..." ಎಂದು ತೊದಲಿದ.

"ಬಂದರೆ ಅದಕ್ಕೆ ಎರಡು ಕೊಂಬು, ಒಂದು ಬಾಲ ಉಂಟು ಅಂತ ಹೇಳಿ ನಿಲ್ಲಿಸ್ತೀರಾ?"

ಚನಿಯಪ್ಪ ಸಸಿಗಳನ್ನು ನೋಡಿದ. ಅವುಗಳಿಂದ ಸಹಾಯ ಸಿಗಲಿಲ್ಲ. ಕೊನೆಗೆ ಎಲ್ಲವನ್ನೂ ಅವಳಿಗೆ ಹೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾವಿಗೆ ಬೀಳುವಷ್ಟು ನಕ್ಕಳು.

"ನಾನು ಯಾರಿಗೂ ಹೇಳುವುದಿಲ್ಲ," ಎಂದಳು. "ನೀವೇ ಹೇಳಿ. ಆದರೆ ಅಪ್ಪ ನಿಮ್ಮನ್ನು ನೋಡ್ಲಿಕ್ಕೆ ಬರುವ ಮೊದಲು ಹೇಳಿ."

"ಅಪ್ಪ ನನ್ನನ್ನು ನೋಡ್ಲಿಕ್ಕೆ ಯಾಕೆ ಬರ್ತಾರೆ?"

ಕುಶಲಾ ಭತ್ತದ ಖಾಲಿ ಕುಕ್ಕೆ ಎತ್ತಿಕೊಂಡು ಹೋದಳು. ಚನಿಯಪ್ಪ ನಾಳೆಯೇ ಹೇಳಿಬಿಡಬೇಕೆಂದು ನಿಶ್ಚಯಿಸಿದ. ಮರುದಿನ ದೇಯಿಯಕ್ಕ ಮರುವಾಯಿ ಚಿಪ್ಪುಮೀನಿನ ಪದಾರ್ಥ ಮಾಡಿದ್ದಳು. ಹೇಳಲಾಗಲಿಲ್ಲ.

ಟ್ರೈನಿಂಗ್ ಶಾಲೆಯಲ್ಲಿ ಪರೀಕ್ಷೆ ಹತ್ತಿರ ಬಂತು. ಪ್ರತಿಯೊಬ್ಬನೂ ಮದರಾಸಿನಿಂದ ಬರುವ ಇನ್ಸ್‌ಪೆಕ್ಟರ ಎದುರಿನಲ್ಲಿ, ನಿಜವಾದ ಮಕ್ಕಳಿಗೆ, ಒಂದು ನಿಜವಾದ ವಸ್ತುವನ್ನು ತೋರಿಸಿ ಪಾಠ ಮಾಡಬೇಕು. ವಸ್ತು ಯಾವುದೆಂದು ನೂರಿತ್ತಾಯರೇ ಹಂಚಿದರು. ಎಡ್ವಿನನಿಗೆ ಹಸು ಬಂತು. ಇನ್ನೊಬ್ಬನಿಗೆ ಉಪ್ಪು.

"ಚನಿಯಪ್ಪ, ನೀನು ಅತ್ತಾವರದಲ್ಲಿ ಇರುವುದಲ್ಲವಾ? ಸ್ಟೇಶನ್ ಹತ್ತಿರ. ನಿನಗೆ ರೈಲು ಬಂಡಿ."

ಚನಿಯಪ್ಪ ಸಂಜೆ ಎಡ್ವಿನನ ಕಾಲು ಹಿಡಿಯುವುದೊಂದು ಬಾಕಿ. "ಹಸುವನ್ನು ನನಗೆ ಕೊಡು ಮಾರಾಯ. ನಾನು ಅದನ್ನು ಬಾಯಿಪಾಠ ಮಾಡಿದ್ದೇನೆ."

"ಸಾಧ್ಯವಿಲ್ಲ. ನಮ್ಮ ಮನೆಯಲ್ಲೇ ಹಸು ಉಂಟು. ನಾನು ಎಂತದೂ ಓದಬೇಕಾಗಿಲ್ಲ."

ಇನ್ನು ಗತಿಯಿಲ್ಲದೆ ಚನಿಯಪ್ಪ ಸ್ಟೇಶನಿಗೆ ಹೋಗಿ ಡ್ರೈವರ್ ವಾಲ್ಟರನ ಮುಂದೆ ಕೈಮುಗಿದು ನಿಂತ. ವಾಲ್ಟರ್ ಕೆಂಪು ಮೀಸೆಯ ಆಂಗ್ಲೋ ಇಂಡಿಯನ್. ತನ್ನ ಇಂಜಿನಿನ ಬಗ್ಗೆ ಕೇಳುವವರು ಸಿಕ್ಕಿದರೆ ಊಟ ಬಿಟ್ಟು ಮಾತಾಡುವವನು. ಅವನು ಚನಿಯಪ್ಪನನ್ನು ಮೇಲೆ ಹತ್ತಿಸಿ, ಬೆಂಕಿಯ ಬಾಯಿ ತೋರಿಸಿ, ಕೈಗೆ ಸಲಿಕೆ ಕೊಟ್ಟು ಕಲ್ಲಿದ್ದಲು ಹಾಕಿಸಿದ. ಹಬೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಕೋಲು ಯಾವ ಚಕ್ರವನ್ನು ದೂಡುತ್ತದೆ ಎಂದು ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಉಳಿದದ್ದು ಕೈಸನ್ನೆಯಲ್ಲಿ ಹೇಳಿಕೊಟ್ಟ. ವಿಚಿತ್ರವೆಂದರೆ ಚನಿಯಪ್ಪನಿಗೆ ಅದೆಲ್ಲ ಅರ್ಥವಾಯಿತು. ಇನ್ನೂ ವಿಚಿತ್ರವೆಂದರೆ, ಅರ್ಥವಾದದ್ದನ್ನು ಯಾರಿಗಾದರೂ ಹೇಳದೆ ಇರಲಾಗದು ಎಂದು ಅವನಿಗೆ ಅನ್ನಿಸಿತು. ದಾರಿಯುದ್ದಕ್ಕೂ ತನ್ನಷ್ಟಕ್ಕೆ ಮಾತಾಡಿಕೊಂಡು ಮನೆಗೆ ಬಂದ.

ಅವನ ಮೈಕೈ ಮಸಿ ಹಿಡಿದಿತ್ತು. ದೇಯಿಯಕ್ಕ ಒನಕೆ ಕೆಳಗಿಟ್ಟು ಕಿರುಚಿದಳು:

"ಉಮರಬ್ಬ ಬ್ಯಾರಿಗಳೇ! ಬಾಯಮ್ಮಾ! ಕಡೆಗೂ ಕಲ್ಲಿದ್ದಲು ಕೊಟ್ಟರು!"

ಬೇಲಿಯ ಎರಡೂ ಕಡೆಯಿಂದ ಜನ ಬಂದು ಅವನ ಕೈ ನೋಡಿದರು. ಉಮರಬ್ಬ ಅಂಗೈಯ ಮಸಿಯನ್ನು ಬೆರಳಿನಿಂದ ಒರೆಸಿ ಮೂಸಿ, "ಅಸಲಿ," ಎಂದರು.

"ಶುಕ್ರವಾರ ಬೆಳಿಗ್ಗೆ ಸ್ಟೇಶನಿನಲ್ಲಿ ನನಗೆ ಪರೀಕ್ಷೆ ಉಂಟು ದೇಯಿಯಕ್ಕ," ಎಂದ ಚನಿಯಪ್ಪ, ನಿಜಕ್ಕೆ ಆದಷ್ಟು ಹತ್ತಿರ ನಿಂತು.

"ಅಂದರೆ ಶುಕ್ರವಾರ ಟ್ರೈನು ನೀನೇ ಬಿಡುವುದು!" ಎಂದು ದೇಯಿಯಕ್ಕ, ಗಂಡು ನೋಡಲು ಬಾ ಎಂದು ಕೂಡಲೇ ಕಾವೂರಿನ ಅಣ್ಣನಿಗೆ ಹೇಳಿ ಕಳುಹಿಸಿದಳು.

ಶುಕ್ರವಾರ ಬಂತು. ನೂರಿತ್ತಾಯರು, ಮದರಾಸಿನ ಇನ್ಸ್‌ಪೆಕ್ಟರು, ಸಾಲಾಗಿ ನಿಂತ ಮಕ್ಕಳು ಎಲ್ಲರೂ ಇಂಜಿನಿನ ಪಕ್ಕ ಸೇರಿದ್ದರು. ಇನ್ಸ್‌ಪೆಕ್ಟರು ಕನ್ನಡವನ್ನು ಪುಸ್ತಕದಿಂದ ಕಲಿತವರು. "ಉಪಕ್ರಮಿಸಿರಿ," ಎಂದರು.

ಚನಿಯಪ್ಪ ಎರವಲು ಕೋಟಿನ ಗುಂಡಿ ಸರಿಮಾಡಿಕೊಂಡು ಬಾಯಿ ತೆರೆದ. ಅಷ್ಟರಲ್ಲಿ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಅತ್ತಾವರ ಹೊರಟು ಬಂತು. ಮುಂದೆ ದೇಯಿಯಕ್ಕ. ಅವಳ ಹಿಂದೆ ಒಣಮೀನಿನ ಕುಕ್ಕೆ ಹೊತ್ತುಕೊಂಡ ಉಮರಬ್ಬ, ಆಡಿನ ಹಗ್ಗ ಹಿಡಿದ ಮಟಿಲ್ಡಾ ಬಾಯಮ್ಮ. ನಡುವೆ ಹೊಸ ಶಾಲು ಹೊದ್ದ ಕಾಂತಪ್ಪ ಪೂಜಾರಿ; ಅವರ ಬಲಗಿವಿ ಎಲ್ಲರಿಗಿಂತ ಮೊದಲು ಕಾಣಿಸುತ್ತಿತ್ತು. ಕೊನೆಯಲ್ಲಿ ಕುಶಲಾ, ಮುಖದಲ್ಲಿ ನಗೆಯೋ ಭಯವೋ ಹೇಳುವ ಹಾಗಿರಲಿಲ್ಲ.

"ಅಗೋ ಅಣ್ಣ, ಅವನೇ," ಎಂದಳು ದೇಯಿಯಕ್ಕ. "ಇಂಜಿನಿಗೆ ತಾಗಿ ನಿಂತಿದ್ದಾನೆ ನೋಡು."

ಕಾಂತಪ್ಪ ಪೂಜಾರಿ ಅಳಿಯನಾಗಲಿರುವವನನ್ನು ಸರಿಯಾಗಿ ನೋಡಬೇಕೆಂದು ನೇರವಾಗಿ ಮುಂದೆ ಬಂದು ಮಕ್ಕಳ ಸಾಲಿನಲ್ಲೇ ನಿಂತರು. ಉಳಿದವರೂ ನಿಂತರು. ಆಡೂ ನಿಂತಿತು. ಓಡಿಹೋಗಲು ಚನಿಯಪ್ಪನಿಗೆ ಹಿಂದೆ ಇಂಜಿನು, ಮುಂದೆ ಇನ್ಸ್‌ಪೆಕ್ಟರು. ಅವನು ಕಣ್ಣು ಮುಚ್ಚಿಕೊಂಡು ಪಾಠ ಸುರು ಮಾಡಿದ.

"ನಿಮ್ಮ ಮನೆಯಲ್ಲಿ ಗಂಜಿ ಬೇಯುವಾಗ ಮಡಕೆಯ ಮುಚ್ಚಳ ಎಂತ ಮಾಡ್ತದೆ?"

"ಕುಣಿತದೆ!" ಎಂದರು ಮಕ್ಕಳು.

"ಕುಣಿಸುವುದು ಯಾರು?"

"ಹಬೆ!"

"ಈ ಇಂಜಿನೂ ಒಂದು ದೊಡ್ಡ ಗಂಜಿ ಮಡಕೆ. ಒಳಗೆ ನೀರು, ಕೆಳಗೆ ಬೆಂಕಿ."

"ಅಲ್ಲ, ಒಂದು ಮಾತು," ಎಂದರು ಕಾಂತಪ್ಪ ಪೂಜಾರಿ. ಅವರಿಗೆ ಗೊತ್ತಿಲ್ಲದಂತೆಯೇ ಅವರ ಕೈ ಮೇಲೆ ಎದ್ದಿತ್ತು. "ಮುಚ್ಚಳ ಕುಣಿದರೆ ಮಡಕೆ ಊರಿಂದ ಊರಿಗೆ ಹೋಗುವುದಿಲ್ಲವಲ್ಲ?"

ಇನ್ಸ್‌ಪೆಕ್ಟರು ಹುಬ್ಬೇರಿಸಿದರು. ನೂರಿತ್ತಾಯರು ಮುಂಡಾಸು ಹಿಡಿದುಕೊಂಡರು. ಆದರೆ ಪ್ರಶ್ನೆ ಚೆನ್ನಾಗಿತ್ತು. ಚೆನ್ನಾದ ಪ್ರಶ್ನೆ ಬಿದ್ದ ಕೂಡಲೇ ಚನಿಯಪ್ಪನ ಹೆದರಿಕೆ ಎಲ್ಲಿಗೆ ಹೋಯಿತೋ.

"ಬೀಸುವ ಕಲ್ಲು ಉಂಟಾ ನಿಮ್ಮಲ್ಲಿ?"

"ಉಂಟು."

"ಬೀಸುವಾಗ ನಿಮ್ಮ ಕೈ ಎತ್ತ ಹೋಗ್ತದೆ?"

ಕಾಂತಪ್ಪ ಪೂಜಾರಿ ಗಾಳಿಯಲ್ಲಿ ಬೀಸಿ ನೋಡಿದರು. "ಮುಂದೆ ಹೋಗ್ತದೆ, ಹಿಂದೆ ಬರ್ತದೆ."

"ಕಲ್ಲು?"

"ಕಲ್ಲು ಸುತ್ತ ತಿರುಗ್ತದೆ... ಅಯ್ಯೋ!" ಅವರು ಒಮ್ಮೆಲೇ ಬಗ್ಗಿ ಇಂಜಿನಿನ ಚಕ್ರಕ್ಕೆ ಜೋಡಿಸಿದ್ದ ಉಕ್ಕಿನ ಕೋಲನ್ನು ನೋಡಿದರು. "ಈ ಕೋಲೇ ಕೈ! ಹಬೆ ಕೈಯನ್ನು ದೂಡ್ತದೆ, ಕೈ ಚಕ್ರವನ್ನು ತಿರುಗಿಸ್ತದೆ! ದೇಯೀ, ಇದು ನಮ್ಮ ಬೀಸುವ ಕಲ್ಲು ಮಾರಾಯ್ತಿ!"

ಆ ಮೇಲೆ ಪಾಠ ಯಾರ ಕೈಯಲ್ಲೂ ಉಳಿಯಲಿಲ್ಲ. ಮಕ್ಕಳೆಲ್ಲ ಬೀಸುವ ಕಲ್ಲಾದರು. ಉಮರಬ್ಬ ಎದುರು ನಿಂತು ತಾನೇ ಹಬೆಯಾದರು. ವಾಲ್ಟರ್ ಮೇಲಿನಿಂದ ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ಗಾರ್ಡು ಹಸುರು ಬಾವುಟ ಬೀಸಿದ.

"ದೂರ ನಿಲ್ಲಿ ಎಲ್ಲ!" ಎಂದು ಕೂಗಿದ ವಾಲ್ಟರ್. ಇಂಜಿನು ಬುಸ್ಸೆಂದು ಹಬೆ ಬಿಟ್ಟು ನಿಧಾನವಾಗಿ ಹೊರಟಿತು. ಚನಿಯಪ್ಪ ನೆಲದ ಮೇಲೆ ನಿಂತು, ಕೋಲು ಚಕ್ರವನ್ನು ತಿರುಗಿಸುವ ಚಂದವನ್ನು ಬೆರಳು ಮಾಡಿ ತೋರಿಸುತ್ತಿದ್ದ.

"ಅಯ್ಯಯ್ಯೋ!" ದೇಯಿಯಕ್ಕ ಎದೆ ಬಡಿದುಕೊಂಡಳು. "ಟ್ರೈನು ನಿನ್ನನ್ನು ಬಿಟ್ಟು ಹೋಯಿತು ಮಗಾ! ಓಡು!"

"ಡ್ರೈವರನ್ನೇ ಬಿಟ್ಟು ಹೋಯಿತು!" ಎಂದರು ಉಮರಬ್ಬ. "ಹಿಡಿಯಿರಿ!"

ಕಾಂತಪ್ಪ ಪೂಜಾರಿ ಕೋಣ ಓಡಿಸಿದ ಕೈಯಿಂದ ಚನಿಯಪ್ಪನ ಬೆನ್ನಿಗೆ ಒಂದು ದೂಡು ಕೊಟ್ಟರು. ದೂಡಿಸಿಕೊಂಡವನು ನಿಲ್ಲಲಾರದೆ ಓಡಿದ. ಮಾಸ್ಟ್ರು ಓಡಿದ್ದನ್ನು ಕಂಡು ಮಕ್ಕಳು ಸಾಲು ತಪ್ಪದೆ ಅವನ ಹಿಂದೆ ಓಡಿದರು. ಅವರ ಹಿಂದೆ ಕುಕ್ಕೆ ಬಿಟ್ಟು ಉಮರಬ್ಬ, ಅವರ ಹಿಂದೆ ಆಡು, ಆಡಿನ ಹಿಂದೆ ಮಟಿಲ್ಡಾ ಬಾಯಮ್ಮ. ಪ್ಲಾಟ್‌ಫಾರ್ಮ್ ಮುಗಿದಲ್ಲಿ ಎಲ್ಲರೂ ನಿಂತರು. ಟ್ರೈನು ನೇತ್ರಾವತಿಯ ಸೇತುವೆಯ ಕಡೆಗೆ ತನ್ನಷ್ಟಕ್ಕೆ ಹೋಯಿತು.

ಏದುಸಿರು ಬಿಡುತ್ತ ಹಿಂದೆ ಬಂದಾಗ ಇನ್ಸ್‌ಪೆಕ್ಟರು ಕೇಳಿದರು: "ಈ ಧಾವನದ ಉದ್ದೇಶವೇನು?"

ಚನಿಯಪ್ಪನಿಗೆ ಉಸಿರಿರಲಿಲ್ಲ. ಸಾಲಿನ ಮುಂದಿದ್ದ ಹುಡುಗಿ ಜೆಸ್ಸಿ ಎಲ್ಲರ ಪರವಾಗಿ ಹೇಳಿದಳು: "ಟ್ರೈನು ಬೇಗ ಹೋಗ್ತದಾ ನಾವು ಬೇಗ ಹೋಗ್ತೇವಾ ಅಂತ ನೋಡ್ಲಿಕ್ಕೆ ಸಾರ್."

"ವೇಗದ ತುಲನೆ!" ಇನ್ಸ್‌ಪೆಕ್ಟರ ಮುಖ ಅರಳಿತು. "ಪ್ರತ್ಯಕ್ಷ ಪ್ರಯೋಗ! ಭೇಷ್!"

ದೇಯಿಯಕ್ಕ ಅಣ್ಣನ ಕಿವಿಯಲ್ಲಿ ಪಿಸುಗುಟ್ಟಿದಳು. "ಅದು ರೈಲಿನ ದೊಡ್ಡ ಸಾಹೇಬ ಕಾಣಬೇಕು. ಟ್ರೈನು ತಪ್ಪಿಸಿದ್ದಕ್ಕೆ ಕೆಲಸದಿಂದ ತೆಗೀತಾರೋ ಎಂತದೋ."

ಕಾಂತಪ್ಪ ಪೂಜಾರಿ ಶಾಲು ತೆಗೆದು ಸೊಂಟಕ್ಕೆ ಸುತ್ತಿಕೊಂಡು ಇನ್ಸ್‌ಪೆಕ್ಟರ ಮುಂದೆ ಬಂದು ಕೈಮುಗಿದರು. "ಸ್ವಾಮೀ, ಈ ಒಂದು ಸಲ ಕ್ಷಮಿಸಬೇಕು. ಹುಡುಗ ಒಳ್ಳೆಯವ. ಪ್ರಶ್ನೆ ಕೇಳಿ ತಡ ಮಾಡಿದ್ದು ನಾನು."

"ತಾವು ವಿನಾಕಾರಣ ಚಿಂತಿಸುತ್ತಿರುವಿರಿ," ಎಂದರು ಇನ್ಸ್‌ಪೆಕ್ಟರು. "ಇವರು ಅತ್ಯುತ್ತಮ ಉಪಾಧ್ಯಾಯರಾಗುವರು."

ಕಾಂತಪ್ಪ ಪೂಜಾರಿ ಆ ಶಬ್ದವನ್ನು ಮೊದಲ ಸಲ ಕೇಳಿದ್ದು. ಉಮರಬ್ಬರ ಕಡೆಗೆ ಬಾಗಿ, "ಉಪಾಧ್ಯಾಯ ಅಂದರೆ ಎಂತ?" ಎಂದರು.

ಲೋಕ ಕಂಡ ಉಮರಬ್ಬ ತಡಮಾಡಲಿಲ್ಲ. "ಡ್ರೈವರಿಗಿಂತ ಮೇಲೆ."

"ಗಾರ್ಡಿಗಿಂತಲೂ?"

"ಗಾರ್ಡು ಎಂತ, ಸ್ಟೇಶನ್ ಮಾಸ್ಟ್ರಿಗಿಂತ ಮೇಲೆ."

ಕಾಂತಪ್ಪ ಪೂಜಾರಿಯ ಕಣ್ಣು ದೊಡ್ಡದಾಯಿತು. ಚನಿಯಪ್ಪ ನೋಡಿದ. ಆ ಕ್ಷಣ ಸುಮ್ಮನಿದ್ದರೆ ಕುಶಲಾ ಅವನವಳು. ಅವನ ಬಾಯಿಯಲ್ಲಿ ಮೀನಿರಲಿಲ್ಲ, ನೆಪವೂ ಇರಲಿಲ್ಲ. ಪಾಠ ಮಾಡಿದ ಬಿಸಿ ಇನ್ನೂ ಮೈಯಲ್ಲಿತ್ತು.

"ಉಪಾಧ್ಯಾಯ ಅಂದರೆ ಮಾಸ್ಟ್ರು," ಎಂದ. "ಶಾಲೆಯ ಮಾಸ್ಟ್ರು. ನಾನು ಟ್ರೈನು ಬಿಡುವವನಲ್ಲ. ಮಾಸ್ಟ್ರಿಕೆ ಕಲಿಯುವವ."

ಸ್ಟೇಶನಿನಲ್ಲಿ ಆಡು ಒಂದೇ ಮಾತಾಡಿತು. ಕಾಂತಪ್ಪ ಪೂಜಾರಿಯ ಕೈ ತನ್ನಿಂದ ತಾನೇ ಬಲಗಿವಿಯ ಮೇಲೆ ಹೋಯಿತು.

"ಸುಳ್ಳು," ಎಂದರು ಕೊನೆಗೆ.

"ಇಲ್ಲ, ನಿಜ."

"ಹಾಗಾದರೆ ನಾನು ಇಷ್ಟು ಹೊತ್ತು ಕೇಳಿದ್ದು ಎಂತ?"

"ಪಾಠ."

"ಸಾಧ್ಯವೇ ಇಲ್ಲ! ಪಾಠ ನನಗೆ ಅರ್ಥ ಆಗುವುದಿಲ್ಲ. ಇದು ಅರ್ಥ ಆಯಿತು. ಮತ್ತೆ, ನಾನು ನಡುವೆ ಬಾಯಿ ಹಾಕಿದೆ, ನೀನು ಹೊಡೆಯಲಿಲ್ಲ. ನೀನು ಮಾಸ್ಟ್ರೂ ಅಲ್ಲ. ನಿಜವಾಗಿ ನೀನು ಯಾರು?"

ನೂರಿತ್ತಾಯ ಮಾಸ್ಟ್ರು ಮುಂದೆ ಬಂದು, ತಮ್ಮ ಮುಂಡಾಸಿನ ಮೇಲೆ ಆಣೆ ಇಟ್ಟು, ಇವನು ಮಾಸ್ಟ್ರೇ ಹೌದೆಂದು ಹೇಳಬೇಕಾಯಿತು. ಕುಶಲಾ ಕೂಡ, "ಹೌದು ಅಪ್ಪ, ಉಪಾಧ್ಯಾಯ ಅಂದರೆ ಮಾಸ್ಟ್ರೇ," ಎಂದಳು.

"ನಿನಗೆ ಹೇಗೆ ಗೊತ್ತು?"

"ಅವಲಕ್ಕಿ ಕುಟ್ಟುವಾಗ ಕಲಿತೆ."

ಕಾಂತಪ್ಪ ಪೂಜಾರಿ ಮಗಳನ್ನು ನೋಡಿದರು, ತಂಗಿಯನ್ನು ನೋಡಿದರು. ತಂಗಿ ಬಹಳ ಆಸಕ್ತಿಯಿಂದ ಸ್ಟೇಶನಿನ ಮಾಡಿನ ಹಂಚು ನೋಡುತ್ತಿದ್ದಳು. ಅವರು ಒಂದು ಬೆಂಚಿನ ಮೇಲೆ ಕುಳಿತು ಯೋಚಿಸಿದರು. ನಡುನಡುವೆ ಅವರ ಬಲಗೈ ಗಾಳಿಯಲ್ಲಿ ಮುಂದೆ ಹೋಗಿ ಹಿಂದೆ ಬರುತ್ತಿತ್ತು.

"ನಿನಗೆ ಇವ ಆದೀತಾ?" ಎಂದು ಮಗಳನ್ನು ಕೇಳಿದರು.

"ಟ್ರೈನಿನವರು ದಿನಾ ಊರು ಬಿಟ್ಟು ಹೋಗ್ತಾರೆ ಅಪ್ಪ. ಮಾಸ್ಟ್ರಾದರೆ ಸಂಜೆ ಮನೆಗೆ ಬರ್ತಾರೆ."

ಕಾಂತಪ್ಪ ಪೂಜಾರಿ ಎದ್ದು ಚನಿಯಪ್ಪನನ್ನು ಬದಿಗೆ ಕರೆದರು. ಧ್ವನಿ ತಗ್ಗಿಸಿದರು.

"ನೋಡು, ಕಾವೂರಿನಲ್ಲಿ ಎಲ್ಲರಿಗೂ ಟ್ರೈನಿನ ಅಳಿಯ ಅಂತ ಹೇಳಿಬಿಟ್ಟಿದ್ದೇನೆ. ಈಗ ಮಾಸ್ಟ್ರು ಅಂದರೆ ನನಗೆ ತಲೆ ಎತ್ತಿ ನಡೆಯಲಿಕ್ಕಿಲ್ಲ. ಮದುವೆ ಕಳೆಯುವ ತನಕ ನೀನು ಟ್ರೈನೇ ಬಿಡು. ಆ ಮೇಲೆ ನಿಧಾನಕ್ಕೆ ಮಾಸ್ಟ್ರಾಗು."

ನಿಜ ಹೇಳಿ ಇನ್ನೂ ಬಾಯಿ ಆರಿರಲಿಲ್ಲ. ಚನಿಯಪ್ಪ ಕುಶಲಾಳ ಕಡೆ ನೋಡಿದ. "ಆಗಲಿ ಮಾವ," ಎಂದ.

ಮದುವೆಯಾಯಿತು. ಮದುವೆಯ ಚಪ್ಪರದಲ್ಲಿ ಅವನಿಗೆ ಕಾಸರಗೋಡಿನ ಟ್ರೈನು ಎಷ್ಟು ಹೊತ್ತಿಗೆ ಎಂದು ಕೇಳದವರಿಲ್ಲ. ಆ ಮೇಲೆ ಅವನು ಮಾಸ್ಟ್ರಾದ. ಮಂಗಳೂರಿನಲ್ಲೇ ಒಂದು ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಆದರೆ ಅತ್ತಾವರವನ್ನು ನಂಬಿಸುವುದು ಕೊನೆಗೂ ಆಗಲಿಲ್ಲ. ಪಾಪ, ಹೆಂಡತಿಯ ಮೇಲಿನ ಪ್ರೀತಿಗಾಗಿ ಟ್ರೈನಿನ ಕೆಲಸ ಬಿಟ್ಟು ಮಾಸ್ಟ್ರಿಕೆ ಹಿಡಿದ ಎಂದು ದೇಯಿಯಕ್ಕ ಅವಲಕ್ಕಿಯ ಜೊತೆಗೆ ಎಲ್ಲರಿಗೂ ಹಂಚಿದಳು. ಆ ಕಥೆ ಹೇಗೋ ಶಾಲೆಯನ್ನೂ ತಲುಪಿತು. ಒಂದು ದಿನ ಲೆಕ್ಕದ ಹೊತ್ತಿನಲ್ಲಿ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ.

"ಮಾಸ್ಟ್ರೇ, ನೀವು ಮೊದಲು ಟ್ರೈನು ಬಿಡ್ತಿದ್ರಂತೆ?"

ತರಗತಿ ಕಿವಿಯಾಯಿತು. ಚನಿಯಪ್ಪ ಮಾಸ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಬಿಡ್ತಿದ್ದೆ," ಎಂದರು.

"ಮತ್ತೆ ಯಾಕೆ ಬಿಟ್ರಿ?"

"ಅದರಲ್ಲಿ ಎಂತ ಕೆಲಸ ಉಂಟು ಮಾರಾಯ? ಅದಕ್ಕೆ ಹಳಿ ಉಂಟು, ತನ್ನಷ್ಟಕ್ಕೆ ಹೋಗ್ತದೆ. ಹೇಗೂ ಎದ್ದು ನಿಂತಿದ್ದೀಯಲ್ಲ, ಹದಿಮೂರರ ಮಗ್ಗಿ ಹೇಳು."

ಹುಡುಗ ಜೋರಿನಿಂದಲೇ ಹೊರಟ. ಏಳರ ಹತ್ತಿರ ಬಂದಾಗ ಹಳಿ ತಪ್ಪಿ ನಿಂತ. ಮಾಸ್ಟ್ರು ಎದ್ದು ಅವನ ಬಳಿಗೆ ಹೋಗಿ, ಭುಜದ ಮೇಲೆ ಕೈಯಿಟ್ಟು, ಅವನನ್ನು ಮೊದಲಿನಿಂದ ಮತ್ತೊಮ್ಮೆ ಹೊರಡಿಸಿದರು.